ಇಬ್ಬರ ಕಂಪನಿ

"ಓಡುವ ನೀರನ್ನು ನಡೆಸು, ನಡೆಯುವ ನೀರನ್ನು ನಿಲ್ಲಿಸು, ನಿಂತ ನೀರನ್ನು ಇಂಗಿಸು" ಅನ್ನುವ ಮಾತನ್ನು ನಮ್ಮ ಸೈಟ್ ಆಫೀಸಿನ ಗೋಡೆಗೆ ಬಣ್ಣದಲ್ಲಿ ಬರೆಸಿದ್ದೆ. ರಾಮನಗರದ ಹತ್ತಿರ ಕೈಲಾಂಚದ ಕಡೆ, ಎರಡು ಬಂಡೆಗುಡ್ಡಗಳ ನಡುವಿನ ಇಳಿಜಾರು ನೆಲ ಅದು. ಮಳೆ ಬಿದ್ದರೆ ನೀರು ಬಂಡೆ ಮೇಲಿಂದ ಜಾರಿ, ಮಣ್ಣನ್ನೂ ಎಳೆದುಕೊಂಡು ಕೆಳಗಿನ ಹಿಪ್ಪುನೇರಳೆ ತೋಟಗಳಿಗೆ ನುಗ್ಗುತ್ತಿತ್ತು. ತಡೆಯಬೇಕಾದರೆ ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಟ್ರೆಂಚ್ ತೋಡಬೇಕು. ತೋಡುವ ಮೊದಲು ಲೆವೆಲ್ ಹಿಡಿಯಬೇಕು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನಿನಂಥ ಯಂತ್ರ. ದೂರದಲ್ಲಿ ಒಬ್ಬ ಅಳತೆಯ ಕೋಲನ್ನು ನೆಟ್ಟಗೆ ಹಿಡಿದು ನಿಂತಿರಬೇಕು. ಒಂದೇ ಎತ್ತರ ಸಿಕ್ಕಿದ ಕಡೆಯಲ್ಲೆಲ್ಲ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ಸುಣ್ಣದ ಪುಡಿಯ ಗೆರೆ ಎಳೆಸಿದೆ. ಹುಲ್ಲಿನಲ್ಲಿ ಮರೆಯಾಗದಿರಲಿ ಅಂತ ಪ್ರತಿ ಗೂಟದ ತುದಿಗೂ ಕೆಂಪು ಬಟ್ಟೆಯ ಚೂರು. ದೂರದಿಂದ ನೋಡಿದರೆ ಗುಡ್ಡಕ್ಕೆ ಯಾರೋ ಬಿಳಿ ದಾರದಲ್ಲಿ ಹೊಲಿಗೆ ಹಾಕಿದ ಹಾಗೆ. ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸ್ ನೆನಪಾಗಿ ನನಗೆ ಖುಷಿಯೇ ಆಗಿತ್ತು.

ಕೆಳಗಿನ ಊರಿನವರಿಗೆ ಆ ಹೊಲಿಗೆ ಹೇಗೆ ಕಂಡಿತು ಅನ್ನುವುದು ತಿಳಿಯಲು ಸ್ವಲ್ಪ ಸಮಯ ಹಿಡಿಯಿತು.

ಹೆದ್ದಾರಿಯ ಎರಡೂ ಬದಿಗೆ ತಗಡಿನ ಶೆಡ್ಡುಗಳೂ ಸೆಕ್ಯುರಿಟಿ ಗೇಟುಗಳೂ ಬೇಸಿಗೆಯ ಬೆವರುಸಾಲೆಯ ಹಾಗೆ ಎದ್ದ ವರ್ಷಗಳು ಅವು. ನಾವು ಕಟ್ಟುತ್ತಿದ್ದದ್ದು ಮನೆಗಳು. ಜಾಗದ ಮಣ್ಣನ್ನೇ ಅಗೆದು, ಒತ್ತಿ, ಇಟ್ಟಿಗೆ ಮಾಡಿ ಕಟ್ಟಿದ ಮನೆಗಳು. ಅಂಗಳದ ಅಡಿಗೆ ಮಳೆನೀರಿನ ತೊಟ್ಟಿ; ಬಚ್ಚಲ ನೀರು ಕಾಬಾಳೆ ಹೂಗಿಡಗಳ ಪಾತಿಯಲ್ಲಿ ಹಾದು ತಿಳಿಯಾಗಿ ತೋಟಕ್ಕೆ; ಬಾತ್‌ರೂಮಿನಲ್ಲಿ ಇಲ್ಲಿಯದೇ ಕಲ್ಲನ್ನು ಕೊರೆದು ಮಾಡಿದ ಟಬ್. ಇಕೋ-ಲಕ್ಷುರಿ ಅನ್ನುವ ಪದ ಆಗಿನ್ನೂ ಹೊಸದು. ನಾನು ಅಲ್ಲಿನ ಎಸ್ಟೇಟ್ ಮ್ಯಾನೇಜರ್. ಒಂದೊಂದು ಮನೆಯನ್ನೂ ಪರೀಕ್ಷೆ ಮಾಡಿ, ಸೋರುವುದು ಬಿರುಕು ಬಿಡುವುದೆಲ್ಲ ಸರಿಮಾಡಿಸಿ, ಬೀಗದ ಕೈಯನ್ನು ಒಡೆಯರಿಗೆ ಒಪ್ಪಿಸುವುದು ನನ್ನ ಕೆಲಸ. ವಾಸ ಅಲ್ಲೇ, ಒಂದು ಕೋಣೆಯ ಕ್ವಾರ್ಟರ್ಸಿನಲ್ಲಿ.

ನಮ್ಮ ಡೆವಲಪರ್ ಬೆಂಗಳೂರಿನವನು, ಒಳ್ಳೆಯ ಹುಡುಗ. ಇಂಗ್ಲಿಷ್ ಬ್ರೋಷರಿನಲ್ಲಿ "ಫಾರ್ ಎವ್ರಿ ಕೈಂಡ್ ಆಫ್ ಫ್ಯಾಮಿಲಿ" ಅಂತ ಒಂದು ಸಾಲು ಹಾಕಿಸಿದ್ದ. ಅವನ ಅಕ್ಕ ಹೊರದೇಶದಲ್ಲಿ ಇನ್ನೊಬ್ಬ ಹೆಣ್ಣಿನ ಜೊತೆ ಬಾಳುತ್ತಿದ್ದಳು; ಅವಳು ಊರಿಗೆ ಬಂದರೆ ಇಳಿದುಕೊಳ್ಳಲು ಒಂದು ಮನೆ ಇರಲಿ ಅನ್ನುವುದೇ ಈ ಯೋಜನೆಯ ಮೂಲ. ಕನ್ನಡದ ಬ್ರೋಷರ್ ಮಾಡುವಾಗ ಆ ಸಾಲನ್ನು ಬಿಟ್ಟೆವು. ಅವನೂ ನಾನೂ ಅರ್ಧ ದಿನ ಕೂತು ಯೋಚಿಸಿದರೂ ಪದ ಸಿಗಲಿಲ್ಲ. "ಲೀವ್ ಇಟ್, ಆಂಟಿ" ಅಂದ ಕೊನೆಗೆ.

ಕೊನೆಯ ಮನೆ ಇಬ್ಬರು ಗಂಡಸರದ್ದು. ಒಬ್ಬರು ಕಾರ್ಖಾನೆಯಿಂದ ನಿವೃತ್ತರಾದ ಇಂಜಿನಿಯರ್, ಎತ್ತರದ ಆಳು, ಮಾತು ಕಮ್ಮಿ. ಇನ್ನೊಬ್ಬರು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಲೆಕ್ಚರರ್, ಮಂಡ್ಯದ ಕಡೆಯ ಹಳ್ಳಿಯಲ್ಲಿ ಹುಟ್ಟಿದವರು. ಯೌವನದಿಂದ ಜೊತೆಗೆ ಬಾಳಿದವರು. ಬಾಡಿಗೆ ಮನೆಗಳಲ್ಲಿ ಮಾಲೀಕರು ಮೊದಲು ಕಣ್ಣು ಚಿಕ್ಕದು ಮಾಡುವುದು, ಆಮೇಲೆ ಮಗಳ ಮದುವೆ ಅಂತಲೋ ರಿಪೇರಿ ಅಂತಲೋ ಖಾಲಿ ಮಾಡಿಸುವುದು. ಒಂದು ಮನೆಯಲ್ಲಿ ಪೊಲೀಸರನ್ನೇ ಕರೆಸಿದ್ದರು. ಆಗಿನ ಕಾನೂನಿನಲ್ಲಿ ಅದಕ್ಕೆ ಎಡೆಯಿತ್ತು. ಒಂದು ಕಂಪ್ಲೇಂಟ್ ಸಾಕಿತ್ತು. ಬೆಂಗಳೂರಿನಲ್ಲಿದ್ದದ್ದನ್ನೆಲ್ಲ ಬಿಟ್ಟು ಈ ಮನೆ ಹಿಡಿದಿದ್ದರು. ಮೊದಲ ದಿನವೇ ಲೆಕ್ಚರರ್ ಗೋಡೆಯ ಮೇಲೆ ಅಂಗೈ ಇಟ್ಟು, "ಮೇಡಂ, ಇನ್ನೊಂದು ಸಲ ಪಾತ್ರೆ ಪಡಗ ಕಟ್ಟೋಕೆ ನನ್ನ ಕೈಲಾಗಲ್ಲ. ಇದು ಆಗಬೇಕು" ಅಂದಿದ್ದರು. ಅವರಿಗೆ ಒಂದೇ ಒಂದು ಆಸೆ. ಗೃಹಪ್ರವೇಶಕ್ಕೆ ಹಸು ಮೊದಲು ಹೊಸಿಲು ದಾಟಬೇಕು, ಹಾಲು ಉಕ್ಕಬೇಕು. ಪುರೋಹಿತರು ಬೇಡ, ಅವರು ಬಂದ ಕೂಡಲೇ ದಂಪತಿಗಳು ಎಲ್ಲಿ ಅಂತ ಕೇಳುತ್ತಾರೆ. ಹಸು ಏನೂ ಕೇಳುವುದಿಲ್ಲ.

ಹಸುವನ್ನು ಕಳಿಸಲು ಒಪ್ಪಿದ್ದವಳು ನಮಗೆ ಹಾಲು ತರುತ್ತಿದ್ದ ಅಜ್ಜಿ. ನಮ್ಮ ಜಾಗಕ್ಕೆ ಬರುವ ದಾರಿ ಅವಳ ಮಗ ಗೌಡರ ಹೊಲದ ಅಂಚಿನಲ್ಲೇ ಹಾದುಹೋಗುತ್ತಿತ್ತು. ಒಂದು ಬೆಳಿಗ್ಗೆ ಹಾಲು ಅಳೆಯುತ್ತಾ ಅಜ್ಜಿ ಶುರುಮಾಡಿದಳು.

"ಮೇಡಮ್ಮೋರೆ, ಆ ಕೊನೆ ಮನೇಗೆ ಬತ್ತಾರಲ್ಲ, ಆ ಎಲ್ಡ್ ಜನ ಯಾರು? ಅಣ್ತಮ್ಮಂದ್ರಾ?"

"ಅಲ್ಲ ಅಜ್ಜಿ."

"ಭಾವ ಭಾವಮೈದ್ನಾ?"

"ಅಲ್ಲ."

"ಹೆಂಡ್ತೀರು ಎಲ್ಲವ್ರೆ?"

"ಹೆಂಡತೀರು ಇಲ್ಲ. ಇವರಿಬ್ಬರೇ."

"ಅಯ್ಯೋ ನನ್ನವ್ವ, ಮತ್ತೆ ಹೆಂಗೆ ಒಂದೇ ಮನೆ?"

ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು. "ಪಾರ್ಟ್‌ನರ್ಸ್ ಅಜ್ಜಿ. ಒಬ್ಬರಿಗೊಬ್ಬರು ಕಂಪನಿ."

"ಓ. ಕಂಪ್ನಿ" ಅಂದಳು. ಅಂದು ಕೊಸರು ಹಾಲು ಹುಯ್ಯುವುದನ್ನು ಮರೆತು ಎದ್ದುಹೋದಳು.

ಆ ಪದ ನನಗೆ ಹಳೆಯದು. ನಾನೂ ನನ್ನ ಗೆಳತಿಯೂ ಒಂದೇ ಕಾನ್ವೆಂಟಿನಲ್ಲಿ ಓದಿದವರು. ಬದುಕಿನ ಬಹುಭಾಗ ಒಂದೇ ಮಹಡಿ ಮನೆಯಲ್ಲಿ ಕಳೆದವರು. ಯಾರು ಕೇಳಿದರೂ, "ವೀ ಆರ್ ಕಂಪನಿ ಫಾರ್ ಈಚ್ ಅದರ್, ಯು ನೋ" ಅನ್ನುತ್ತಿದ್ದೆವು. ಲೇಸ್ ಪರದೆಯಂಥ ಪದ. ಬೆಳಕು ಬರುತ್ತದೆ, ಒಳಗಿರುವುದು ಕಾಣುವುದಿಲ್ಲ. ಅವಳು ತೀರಿಕೊಂಡ ಮೇಲೆ ಆ ಮಹಡಿಯಲ್ಲಿ ಇರಲಾರದೆ ನಾನು ಈ ಗುಡ್ಡಕ್ಕೆ ಬಂದೆ. ಅವಳ ಫೋಟೋ ನನ್ನ ಕ್ವಾರ್ಟರ್ಸಿನ ಗೋಡೆಯ ಮೇಲಿತ್ತು.

ಮರುದಿನದಿಂದ ಹಾಲು ನಿಂತಿತು.

ಮೊದಲು ಹಸುವಿಗೆ ಹುಷಾರಿಲ್ಲವೇನೋ ಅಂದುಕೊಂಡೆ. ಆಮೇಲೆ ಊರಿನಿಂದ ಕೂಲಿಗೆ ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ತಪ್ಪಿಸಿಕೊಂಡರು. ಒಂದು ಬೆಳಿಗ್ಗೆ ಗೇಟು ತೆಗೆದರೆ, ಗುಡ್ಡದ ಮೇಲಿನ ನನ್ನ ಗೂಟಗಳೆಲ್ಲ ಕಿತ್ತು ಅಲ್ಲಿ ರಾಶಿ ಬಿದ್ದಿದ್ದವು. ಕೆಂಪು ಬಟ್ಟೆಯ ಚೂರುಗಳನ್ನು ಮಾತ್ರ ಬಿಚ್ಚಿ, ಗೇಟಿನ ಸರಳುಗಳಿಗೆ ಸಾಲಾಗಿ ಕಟ್ಟಿದ್ದರು. ಸುಣ್ಣದ ಗೆರೆಯನ್ನು ಕಾಲಿನಲ್ಲಿ ಉಜ್ಜಿ ಅಳಿಸಿದ್ದರು. ಸಂಜೆ ಬೈಕುಗಳಲ್ಲಿ ಬಂದ ಗಂಡಸರು ಗೇಟಿನಾಚೆ ನಿಂತು, ಕೊನೆಯ ಮನೆಯ ಕಡೆ ಗದ್ದ ಎತ್ತಿ ತೋರಿಸಿ ಏನೋ ಮಾತಾಡಿಕೊಂಡು ಹೋದರು.

ಗೊತ್ತಾಗಿಬಿಟ್ಟಿದೆ ಅಂದುಕೊಂಡೆ. ಅಜ್ಜಿ ಊಹಿಸಿಬಿಟ್ಟಿದ್ದಾಳೆ. ಅಂದಿನಿಂದ ಜೀಪಿನ ಸದ್ದು ಕೇಳಿದರೆ, ಪೊಲೀಸರೇನೋ ಅಂತ, ಎದ್ದುಹೋಗಿ ಗೇಟಿನ ಬೀಗ ನೋಡಿ ಬರುತ್ತಿದ್ದೆ. ಕಾನ್ವೆಂಟಿನಲ್ಲಿ ಕಲಿತ ಪ್ರೇಯರ್ ಬಾಯಿಗೆ ಬರುತ್ತಿತ್ತು, ಅರ್ಧಕ್ಕೆ ಮರೆತುಹೋಗುತ್ತಿತ್ತು. ಕೊನೆಯ ಮನೆಯ ಇಬ್ಬರಿಗೂ ನಾನು ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಲೆಕ್ಚರರ್ ಗೇಟಿನ ಕೆಂಪು ಬಟ್ಟೆಗಳನ್ನು ನೋಡಿ, ಬಿಚ್ಚತೊಡಗಿದರು. ಬಿಗಿದ ಗಂಟು ಬಿಚ್ಚಿಕೊಳ್ಳಲಿಲ್ಲ. ಇಂಜಿನಿಯರ್ ಬಂದು ಚಾಕುವಿನಲ್ಲಿ ಕತ್ತರಿಸಿದರು.

ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಕೊನೆಯ ಮನೆಯ ರೆಡ್ ಆಕ್ಸೈಡ್ ನೆಲ ಆಗಷ್ಟೇ ಹಾಕಿಸಿದ್ದೆ. ಆ ನೆಲದ ಸ್ವಭಾವವೇ ಹಾಗೆ, ನಡುವೆ ಬಿಟ್ಟರೆ ಕೆಡುತ್ತದೆ. ಕೆಂಪು ಪುಡಿಯನ್ನೂ ಸಿಮೆಂಟನ್ನೂ ಒಣದಾಗಿಯೇ ಜರಡಿ ಹಿಡಿದು ಬೆರೆಸಬೇಕು. ಇಡೀ ಕೋಣೆಯನ್ನು ಒಂದೇ ಬೀಸಿಗೆ ಎಳೆಯಬೇಕು. ಮಧ್ಯೆ ಊಟಕ್ಕೆ ಎದ್ದರೆ ಅಲ್ಲೊಂದು ಗೆರೆ ಜನ್ಮಪೂರ್ತಿ ಉಳಿಯುತ್ತದೆ. ಆಮೇಲೆ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ನೆಲ ತಣ್ಣಗೆ ಗಟ್ಟಿಯಾದ ಮೇಲೆ ಮೇಣ ಮತ್ತು ಕೊಬ್ಬರಿ ಎಣ್ಣೆ ಹಚ್ಚಿ ತೆಂಗಿನ ನಾರಿನಲ್ಲಿ ಉಜ್ಜಬೇಕು. ಉಜ್ಜುವವರು ಯಾರೂ ಬರಲಿಲ್ಲವಲ್ಲ, ಹಾಸಿಗೆ ಸಮೇತ ಬಂದು ಇಳಿದುಕೊಂಡಿದ್ದ ಅವರಿಬ್ಬರೂ ನಾನೂ, ಮೂವರೇ ಕೂತೆವು. ಬಾಗಿಲು ಹಾಕಿಕೊಂಡು, ಮಂಡಿಯೂರಿ, ಒಬ್ಬರ ಮುಖ ಒಬ್ಬರು ನೋಡದೆ ಉಜ್ಜಿದ್ದೇ ಉಜ್ಜಿದ್ದು. ಸಾಕು ಅನ್ನುವ ಹೊಳಪು ಬಂದ ಮೇಲೂ ನಿಲ್ಲಿಸಲಿಲ್ಲ. ಕೈ ನಿಂತರೆ ಮನಸ್ಸು ಗೇಟಿನ ಕಡೆ ಹೋಗುತ್ತಿತ್ತು. ಕೊನೆಗೆ ನೆಲ ಕನ್ನಡಿಯಾಯಿತು, ನೋಡಿದರೆ ನಮ್ಮ ಮೂವರ ಮುಖ ಅದರಲ್ಲಿ ತಲೆಕೆಳಗಾಗಿ.

ಗೃಹಪ್ರವೇಶ ಹತ್ತಿರ ಬಂದಾಗ ದಾರಿ ಮುಚ್ಚಿತು. ಗೌಡರ ಹೊಲದ ಅಂಚಿನಲ್ಲಿ, ಕಾರು ದಾಟದ ಹಾಗೆ, ಸೈಜುಗಲ್ಲುಗಳನ್ನು ಅಡ್ಡ ಪೇರಿಸಿದ್ದರು. ಹಿಂದೆ ಸುಮಾರು ಜನ ಗಂಡಸರು ಕೂತಿದ್ದರು. ಹಿಪ್ಪುನೇರಳೆ ಕೊಯ್ದು ಬಂದವರು, ಕೈಯಲ್ಲಿ ಕುಡುಗೋಲು ಹಾಗೇ ಇತ್ತು. ಗೌಡರು ಎದ್ದು ನಿಂತರು. ಯಾವಾಗಲೂ ಎರಡೂ ಕೈ ಮುಗಿಯುತ್ತಿದ್ದವರು ಅಂದು ಮುಗಿಯಲಿಲ್ಲ.

"ಮೇಡಮ್ಮೋರೆ, ನಿಮ್ ಮ್ಯಾಲೆ ನಮಗೇನೂ ಇಲ್ಲ. ಆ ಇಬ್ರುನ್ನ ಮೊದ್ಲು ಕಳ್ಸಿ. ಅಂಥೋರು ಈ ಊರ್ ಪಕ್ಕ ಬ್ಯಾಡ."

"ಅವರು ಯಾರಿಗೇನು ಮಾಡಿದಾರಪ್ಪ?" ಅಂದೆ.

"ಇನ್ನೂ ಮಾಡಿಲ್ಲ. ಮಾಡೋಗಂಟ ಕಾಯ್ಬೇಕಾ? ಅವ್ರು ಎಂಥೋರು ಅಂತ ನಮಗೆ ಗೊತ್ತಾಗಲ್ವಾ? ಹೆಂಡ್ರಿಲ್ಲ, ಮಕ್ಳಿಲ್ಲ, ಇಬ್ರೇ ಬತ್ತಾರೆ, ಇಬ್ರೇ ಹೋಯ್ತಾರೆ."

"ಅದು ಅವರ ಸ್ವಂತ ವಿಷಯ, ಗೌಡ್ರೆ."

"ಸ್ವಂತ ಇಸ್ಯ?" ಹಿಂದಿನಿಂದ ಒಬ್ಬ ಎದ್ದ. "ನಮ್ ಮಕ್ಳು ಮರಿ ಬೀದಿಗೆ ಬೀಳೋದು ಸ್ವಂತ ಇಸ್ಯನಾ? ಕೇಳಣ್ಣೋ, ಮೇಡಮ್ಮೋರ ಮಾತ!"

ಮಕ್ಕಳು ಮರಿ ಯಾಕೆ ಬೀದಿಗೆ ಬೀಳಬೇಕು? ನನಗೆ ಅರ್ಥವಾಗಲಿಲ್ಲ. ಆ ಕಲ್ಲಿನ ಮೇಲೇ ಕೂತೆ.

"ನೀವೇ ಹೇಳಿದ್ರಂತೆ ನಮ್ಮವ್ವಂಗೆ" ಅಂದರು ಗೌಡರು. "ಇಬ್ರೂ ಪಾರ್ಟ್ನರ್ರು, ಕಂಪ್ನಿ ಅಂತ. ಹೆದ್ದಾರಿ ಕಡೆ ನಮ್ ನೆಂಟ್ರ ಊರ್ನಾಗೂ ಹಿಂಗೇ ಆಗಿದ್ದು. ಮೊದ್ಲು ಇಬ್ರು ಬಂದ್ರು, ಕಾರಲ್ಲಿ. ಮೂರು ಕಾಲಿಂದು ಮಿಷಿನ್ ನಿಲ್ಸುದ್ರು. ಸುಣ್ಣದ ಗೆರೆ ಬಿತ್ತು, ಕೆಂಪು ಬಾವುಟ ಬಿತ್ತು. ಆಮೇಲೆ ಕಂಪ್ನಿ ಬಂತು, ಜಮೀನು ಹೋಯ್ತು. ನಮ್ ಭಾವ ಈವತ್ತು ಅವನ ಹೊಲದಾಗೆ ಕಟ್ಟಿರೋ ಗೇಟ್ಗೆ ಸೆಕ್ಯುರಿಟಿ. ಬಂದ್ ಬಂದೋರ್ಗೆ ಸೆಲ್ಯೂಟ್ ಹೊಡೀತಾ ನಿಂತವ್ನೆ. ನಾನ್ ನಿಂತ್ಕಬೇಕಾ ಹಂಗೆ?"

ಕಂಪನಿ. ಓ ಮೈ ಗಾಡ್, ಕಂಪನಿ.

ನಗು ಬಂತು, ಅಳು ಬಂತು. ಎರಡನ್ನೂ ಸೆರಗಿನಲ್ಲಿ ಒತ್ತಿಕೊಂಡೆ. "ಇಲ್ಲ ಗೌಡ್ರೆ, ಆ ಕಂಪನಿ ಅಲ್ಲ. ಫ್ಯಾಕ್ಟರಿ ಅಲ್ಲ. ಗೆರೆ ಎಳೆಸಿದ್ದು ಮಳೆನೀರಿಗೆ. ಏಸುಸ್ವಾಮಿ ಆಣೆ" ಅಂದೆ.

"ಹಂಗಾದ್ರೆ ಅವ್ರು ಯಾರು? ಅಣ್ತಮ್ಮಂದ್ರಲ್ಲ, ನೆಂಟ್ರಲ್ಲ, ಪಾರ್ಟ್ನರ್ರು ಅಲ್ಲ ಅಂತೀರಿ. ಮತ್ತೇನು?"

ಬಾಯಿ ತೆರೆದೆ. ಮುಚ್ಚಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನೋಡುದ್ರಾ? ಹೇಳಕ್ಕಾಗಲ್ಲ" ಅಂದರು ಗೌಡರು. "ನಾಳೆ ಹೊತ್ತಾರೆ ಅವ್ರನ್ನೇ ಕರ್ಕೊಂಡ್ ಬನ್ನಿ ಮನೆತಾವ್ಕೆ. ರೇಷ್ಮೆ ಹುಳ ಹಣ್ಣಾಗವೆ, ನಾವು ಎಲ್ಲೂ ಕದಲಂಗಿಲ್ಲ. ಬಾಯಿ ಬುಟ್ಟು ಹೇಳ್ಲಿ. ಇಲ್ಲಾಂದ್ರೆ ಈ ಕಲ್ಲು ಇಲ್ಲೇ ಇರ್ತದೆ."

ಒಂದು ಭಯ ಇಳಿದ ಜಾಗದಲ್ಲೇ ಇನ್ನೊಂದು ಬಂದು ಕೂತಿತು. ಇಷ್ಟು ದಿನ ಅವರಿಗೆ ಗೊತ್ತಾಗಿದೆ ಅಂತ ನಡುಗಿದ್ದೆ. ಈಗ ತಿಳಿಯಿತು, ಅವರಿಗೆ ಏನೂ ಗೊತ್ತಿಲ್ಲ, ಹೇಳಬೇಕಾದವರು ನಾವೇ.

ಡೆವಲಪರಿಗೆ ಫೋನ್ ಮಾಡಿದೆ. "ಆಂಟಿ, ಬಿ ಡಿಸ್ಕ್ರೀಟ್. ಕಸಿನ್ ಬ್ರದರ್ಸ್ ಅಂತ ಹೇಳಿಬಿಡಿ, ಮುಗೀತು" ಅಂದ.

ಸಂಜೆ ಕೊನೆಯ ಮನೆಯ ಜಗಲಿಯಲ್ಲಿ ಕೂತು ಇದನ್ನು ಹೇಳಿದಾಗ ಲೆಕ್ಚರರ್ ನಕ್ಕರು. ಅವರು ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತೋ.

"ಮೇಡಂ, ಇವರು ನಮ್ಮ ಕಡೆಯವರೇ. ಮೊದಲನೇ ಪ್ರಶ್ನೆ ಯಾವೂರು. ಎರಡನೇದು ಯಾರ ಮಗ. ಮೂರನೇದು ಕೇಳೋದೇ ಇಲ್ಲ, ಅಷ್ಟರಲ್ಲಿ ನಮ್ಮ ಸೋದರತ್ತೆ ಮಗಳನ್ನ ಇವರ ಯಾವ ನೆಂಟರಿಗೆ ಕೊಟ್ಟಿದೆ ಅಂತ ಲೆಕ್ಕ ಹಾಕಿ ಮುಗಿಸಿರ್ತಾರೆ. ಇವನನ್ನ ಯಾವ ಚಿಕ್ಕಪ್ಪನ ಮಗ ಅಂತ ಹೇಳಲಿ? ಊಟದ ಹೊತ್ತಿಗೆ ಬಯಲಾಗುತ್ತೆ. ಆಗ ಎರಡು ತಪ್ಪು. ಸುಳ್ಳು ಹೇಳಿದ್ದೂ ಸೇರ್ತದೆ."

"ಹೋಗೋಣ" ಅಂದರು ಇಂಜಿನಿಯರ್. ಎದ್ದು ಒಳಗೆ ಹೋದರು. ಹಾಸಿಗೆ ಸುತ್ತಿದ ಹೋಲ್ಡಾಲಿನ ಪಟ್ಟಿ ಎಳೆದ ಸದ್ದು ಕೇಳಿತು. "ಈಗಲೇ ಬೆಂಗಳೂರಿಗೆ ಹೋಗೋಣ. ಮನೆ ಏನಾದ್ರೂ ಆಗ್ಲಿ. ನಿನ್ನ ಮೇಲೆ ಒಬ್ಬ ಕೈ ಮಾಡಿದ್ರೂ ನಾನು ತಡ್ಕೊಳ್ಳಲ್ಲ."

ಲೆಕ್ಚರರ್ ಎದ್ದು ಕಾಬಾಳೆ ಪಾತಿಯ ಒಣಗಿದ ಎಲೆಗಳನ್ನು ಕಿತ್ತರು. ಆಮೇಲೆ ಮೆಲ್ಲಗೆ ಅಂದರು: "ಹದಿನೆಂಟು ವಯಸ್ಸಿಗೆ ನಮ್ಮೂರು ಬಿಟ್ಟೆ. ಇವರಂಥವರ ಹತ್ರ ಈ ಮಾತು ಆಡಬೇಕಾಗಿ ಬರುತ್ತಲ್ಲ ಅಂತಲೇ ಬಿಟ್ಟೆ. ಸುತ್ತಿ ಸುತ್ತಿ ಇವರ ಬಾಗಿಲಿಗೇ ಬಂದಿದೀನಿ. ಹೇಳ್ತೀನಿ. ಇನ್ನು ಓಡೋಕೆ ಮಂಡಿ ಇಲ್ಲ."

ಇಂಜಿನಿಯರ್ ಹೋಲ್ಡಾಲನ್ನು ಬಿಚ್ಚಲಿಲ್ಲ. ಬಾಗಿಲ ಬಳಿ ತಂದು ಇಟ್ಟರು.

ಬೆಳಿಗ್ಗೆ ನಡೆದುಕೊಂಡು ಹೋದೆವು. ಗೌಡರ ಮನೆಯ ಪಕ್ಕದಲ್ಲೇ ರೇಷ್ಮೆಯ ಹುಳುಮನೆ. ಮೇವು ಬಿಟ್ಟು ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು. ಬಿದಿರಿನ ಆ ದೊಡ್ಡ ಚಾಪೆಗಳಲ್ಲೇ ಹುಳು ಗೂಡು ಕಟ್ಟುವುದು. ಹೊರಗಿನವರು ಒಳಗೆ ಕಾಲಿಡುವ ಹಾಗಿಲ್ಲ. ಹುಳುವಿಗೆ ರೋಗ ತಗುಲುತ್ತದೆ, ದೃಷ್ಟಿಯೂ ತಗುಲುತ್ತದೆ ಅಂತ. ಹೀಗಾಗಿ ನಾವು ಹೊರಗೆ ಚಪ್ಪರದಲ್ಲಿ ನಿಂತೆವು. ಒಳಗಿನಿಂದ ಕೊನೆಯ ತಟ್ಟೆಗಳ ಹುಳು ಎಲೆ ಮೇಯುವ ಸದ್ದು, ದೂರದ ಮಳೆಯ ಹಾಗೆ. ಎದುರಿಗೆ ಗೌಡರು, ಹಿಂದಿನ ದಿನದ ನಾಲ್ಕಾರು ಗಂಡಸರು, ಬಾಗಿಲಲ್ಲಿ ಕೂತು ಹುಳು ಆರಿಸುತ್ತಿದ್ದ ಅಜ್ಜಿ.

"ಯಾವೂರು?" ಅಂದರು ಗೌಡರು.

ಲೆಕ್ಚರರ್ ಹೇಳಿದರು. ಅಪ್ಪನ ಹೆಸರನ್ನೂ ಹೇಳಿದರು. ಅಜ್ಜಿ ತಲೆ ಎತ್ತಿದಳು.

"ನಮ್ಮೋನೆ ಕಣ್ಲಾ ಇವ್ನು" ಅಂದ ಒಬ್ಬ, ಆಶ್ಚರ್ಯದಿಂದ. "ಮತ್ತೆ ಕಂಪ್ನಿ ಯಾಕ್ ತತ್ತಾವನೆ?"

"ಕಂಪ್ನಿ ತರ್ಲಿಲ್ಲ ಕಣಪ್ಪ" ಅಂದರು ಲೆಕ್ಚರರ್. ಕಾಲೇಜಿನ ಕನ್ನಡ ಎಲ್ಲಿ ಹೋಯಿತೋ. "ನಿಮ್ ಜಮೀನಾಗೆ ಒಂದ್ ಹಿಡಿ ಮಣ್ಣೂ ನಮಗೆ ಬ್ಯಾಡ. ನಾನೂ ಇವ್ರೂ ಜೊತೇಲಿ ಬದುಕ್ತಾ ಇದೀವಿ. ಮೀಸೆ ಬರೋ ವಯಸ್ನಿಂದ. ನಾನು ಇನ್ನೊಂದ್ ಮದ್ವೆ ಆಗ್ಲಿಲ್ಲ, ಇವ್ರೂ ಆಗ್ಲಿಲ್ಲ."

"ಇನ್ನೊಂದಾ? ಮೊದುಲ್ನೇದು ಯಾವಾಗಾಯ್ತು?" ಯಾರೋ ನಕ್ಕರು.

"ಇದೇ ಮೊದುಲ್ನೇದು" ಅಂದರು ಲೆಕ್ಚರರ್.

ನಗು ನಿಂತಿತು. ಇಂಜಿನಿಯರ್ ಅರ್ಧ ಹೆಜ್ಜೆ ಮುಂದೆ ಬಂದು ಲೆಕ್ಚರರ ಪಕ್ಕ ನಿಂತರು. ಮುಟ್ಟಲಿಲ್ಲ, ನಿಂತರು ಅಷ್ಟೇ. ನಾನು ಗೌಡರ ಕೈಗಳನ್ನೇ ನೋಡುತ್ತಿದ್ದೆ.

ಗೌಡರ ಮುಖ ಕೆಂಪಾಯಿತು. ಅಂಗಳದ ಮೂಲೆಗೆ ಉಗಿದರು. "ಥೂ. ಹುಳದಾಗೂ ಒಂದೊಂದು ಹಿಂಗೇ ಸೇರ್ಕಂಡು ಜೋಡಿ ಗೂಡು ಕಟ್ಟುಬುಡ್ತವೆ. ನೂಲು ಬರಲ್ಲ, ಏನಿಲ್ಲ. ಮಾರ್ಕೆಟ್ನಾಗೆ ಯಾರೂ ಮುಟ್ಟಲ್ಲ ಅವ್ನ."

"ಅವ್ರನ್ನ ಮಾರಕ್ಕೆ ಯಾರ್ ಹೊಂಟವ್ರೆ ಈಗ?" ಅಂದಳು ಅಜ್ಜಿ, ಕೈಯಲ್ಲಿದ್ದ ಹುಳುವಿನಿಂದ ಕಣ್ಣು ತೆಗೆಯದೆ. ಆಮೇಲೆ ನನ್ನ ಕಡೆ ತಿರುಗಿದಳು. "ಮೇಡಮ್ಮೋರೆ, ಅಂಗಂದ್ರೆ ಇದು ಕಂಪ್ನಿ ಅಲ್ಲ."

"ಅಲ್ಲ ಅಜ್ಜಿ."

"ಸಂಸಾರ."

ನಾನು ತಲೆಯಾಡಿಸಿದೆ. ಡೆವಲಪರೂ ನಾನೂ ಅರ್ಧ ದಿನ ಹುಡುಕಿದ ಪದ ಅದು. ಹಾಲಿನ ಕೈಯ ಹೆಂಗಸಿನ ಬಾಯಲ್ಲಿ ಯಾವ ಕಷ್ಟವೂ ಇಲ್ಲದೆ ಬಂತು.

"ಸುಮ್ಕಿರವ್ವ ನೀನು!" ಗೌಡರು ಕೂಗಿದರು. "ಅದೆಂಥ ಸಂಸಾರ? ಹೋಗಿ, ನಡೀರಿ ಎಲ್ಲ. ಹುಳ ಬೆಚ್ತವೆ."

ಜಮೀನಿನ ಬಗ್ಗೆ ಒಂದೂ ಮಾತಿಲ್ಲ. ದಾರಿಯ ಬಗ್ಗೆಯೂ ಇಲ್ಲ. ಹಿಂದಿರುಗಿ ಬಂದೆವು. ನಾವು ಮಾಡಿದ್ದು ಸರಿಯೋ, ನಮ್ಮ ಕೈಯಾರೆ ಹಗ್ಗ ಕೊಟ್ಟು ಬಂದೆವೋ ತಿಳಿಯಲಿಲ್ಲ. ಇನ್ನು ಪೊಲೀಸರಿಗೆ ಹೇಳುವುದಕ್ಕೆ ಅವರಿಗೆ ಊಹೆ ಬೇಕಿರಲಿಲ್ಲ.

ಆ ದಿನಗಳನ್ನು ಹೇಗೆ ಕಳೆದೆವು ಅಂತ ಬರೆಯುವುದು ಕಷ್ಟ. ಕಲ್ಲುಗಳು ಮಾರನೇ ದಿನ ಸರಿದಿದ್ದವು, ಒಂದು ಕಾರು ದಾಟುವಷ್ಟು. ಅದು ಬರಲು ಬಿಟ್ಟ ದಾರಿಯೋ, ಹೋಗಿ ಅಂತ ತೋರಿಸಿದ ದಾರಿಯೋ? ಜೀಪು ಬರಲಿಲ್ಲ. ಹಾಲೂ ಬರಲಿಲ್ಲ. ಹೋಲ್ಡಾಲ್ ಬಾಗಿಲ ಬಳಿಯೇ ಇತ್ತು. ಹಸುವಿನ ಮಾತನ್ನು ಯಾರೂ ಎತ್ತಲಿಲ್ಲ. ರಾಮನಗರದಿಂದ ಪ್ಯಾಕೆಟ್ ಹಾಲು ತರಿಸಿ ಇಟ್ಟೆ.

ಗೃಹಪ್ರವೇಶದ ಬೆಳಿಗ್ಗೆ, ಬಂಡೆಯ ನೆತ್ತಿಗೆ ಬಿಸಿಲು ತಗುಲುವ ಹೊತ್ತಿಗೆ, ಗೇಟಿನ ಕಡೆ ಹೆಜ್ಜೆ ಸದ್ದು. ಒಂದೆರಡಲ್ಲ. ಲೆಕ್ಚರರ್ ಒಲೆಯ ಮುಂದೆ ಬೆಂಕಿಪೊಟ್ಟಣ ಹಿಡಿದವರು ಹಾಗೇ ನಿಂತುಬಿಟ್ಟರು. ಇಂಜಿನಿಯರ್ ಬಾಗಿಲಿಗೆ ಅಡ್ಡ ಬಂದರು. ನಾನು ಇಬ್ಬರನ್ನೂ ದಾಟಿ ಹೊರಗೆ ಹೋದೆ. ಧೈರ್ಯವಲ್ಲ ಅದು, ಒಳಗೆ ನಿಂತು ಕೇಳಿಸಿಕೊಳ್ಳುವುದು ಇನ್ನೂ ಕಷ್ಟವಾಗಿತ್ತು.

ಅಜ್ಜಿ ಬರುತ್ತಿದ್ದಳು. ಜೊತೆಗೆ ಕೂಲಿಗೆ ಬರುತ್ತಿದ್ದ ಇಬ್ಬರು ಹೆಂಗಸರು. ಹಿಂದೆ ಅರಿಶಿನ ಹಚ್ಚಿದ ಕೊಂಬಿನ ಹಸು, ಅದರ ಹಗ್ಗ ಹಿಡಿದ ಗೌಡರು. ಗೇಟಿನ ಬಳಿ ಅವರು ನಿಂತರು. ಹಗ್ಗವನ್ನು ತಾಯಿಯ ಕೈಗೆ ಕೊಟ್ಟರು.

"ಮಾತ್ ಕೊಟ್ಟುಬುಟ್ಟವ್ಳೆ ನಮ್ಮವ್ವ. ಹಸ ಒಳಕ್ಕೆ ಹೋಯ್ತದೆ. ನಾನ್ ಬರಾಕಿಲ್ಲ" ಅಂದರು, ನನ್ನ ಮುಖ ನೋಡದೆ.

ಹಸು ಅಂಗಳ ದಾಟಿತು, ಮೆಟ್ಟಿಲು ಹತ್ತಿತು. ಹೊಸಿಲಿಗೆ ಮುಂಗಾಲಿಟ್ಟು ಒಳಗೆ ನೋಡಿದ್ದೇ ತಡ, ನಿಂತುಬಿಟ್ಟಿತು. ನಮ್ಮ ಭಯವನ್ನೆಲ್ಲ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ ಆ ನೆಲದೊಳಗೆ ಇನ್ನೊಂದು ಹಸು ತಲೆಕೆಳಗಾಗಿ ನಿಂತಿತ್ತು. ಒಂದು ಗೊರಸು ಇಟ್ಟಿತು, ಜಾರಿತು, ಬುಸುಗುಟ್ಟಿ ಹಿಂದೆ ಸರಿಯಿತು. ಅಜ್ಜಿ ಎಳೆದಳು. ಹೆಂಗಸರು ಹಿಂದಿನಿಂದ ತಳ್ಳಿದರು. ಲೆಕ್ಚರರ್ ಬೆಲ್ಲ ತೋರಿಸಿದರು. ನಾನು ಓಡಿಹೋಗಿ ಗೋಣಿಚೀಲ ತಂದು ಹಾಸಿದೆ. ಹಸು ಕಣ್ಣು ಅಗಲಿಸಿ ನಿಂತಿತೇ ಹೊರತು ಕದಲಲಿಲ್ಲ. ಹೊಸಿಲಿಗೆ ಬಂದ ಹಸು ಹಿಂತಿರುಗಿದರೆ ಏನರ್ಥ ಅಂತ ಅಲ್ಲಿದ್ದ ಯಾರಿಗೂ ಹೇಳಬೇಕಾಗಿರಲಿಲ್ಲ. ಲೆಕ್ಚರರ್ ಬೆಲ್ಲದ ಕೈಯನ್ನು ಹಿಂದಕ್ಕೆಳೆದುಕೊಂಡರು.

"ಹಂಗ್ ಎಳೀಬ್ಯಾಡ್ರೀ! ಕಾಲ್ ಮುರ್ಕತದೆ!" ಗೇಟಿನಿಂದ ಗೌಡರ ಕೂಗು. "ಕೊಳ್ ಸವ್ರಿ! ಕೊಳ್ ಸವ್ರವ್ವಾ! ಅಯ್ಯೋ ನಿಮ್ಮ, ಬುಡ್ರಿ ಅತ್ತಾಗೆ!"

ಬಂದೇಬಿಟ್ಟರು. ಗೇಟಿನಲ್ಲೇ ಚಪ್ಪಲಿ ಬಿಟ್ಟು ದಾಪುಗಾಲು ಹಾಕಿ ಬಂದು, ನಮ್ಮನ್ನೆಲ್ಲ ಪಕ್ಕಕ್ಕೆ ಸರಿಸಿ, ಹಸುವಿನ ಕೊರಳ ಕೆಳಗೆ ಕೈಯಾಡಿಸಿ ಅದರ ಕಿವಿಯಲ್ಲಿ ಏನೋ ಅಂದರು. ಅದಕ್ಕೆ ಬೆನ್ನು ಮಾಡಿ, ಹಗ್ಗ ಸಡಿಲ ಬಿಟ್ಟು, ತಾವೇ ಮೊದಲು ಹೊಸಿಲು ದಾಟಿದರು. ಹಸು ಅವರ ಹೆಜ್ಜೆಯ ಹಿಂದೆಯೇ, ಗೋಣಿಯಿಂದ ಗೋಣಿಗೆ, ಒಳಗೆ ಬಂತು.

ನಡುಮನೆಯಲ್ಲಿ ನಿಂತ ಮೇಲೆ ಗೌಡರಿಗೆ ತಾವು ಎಲ್ಲಿದ್ದೇವೆ ಅನ್ನುವುದು ಹೊಳೆಯಿತು ಅಂತ ಕಾಣುತ್ತದೆ. ಸುತ್ತ ನೋಡಿದರು. ಮಣ್ಣಿನ ಗೋಡೆ, ಪುಸ್ತಕದ ಕಪಾಟು, ಒಂದು ಹಳೆ ಹಾರ್ಮೋನಿಯಂ, ಬಾಗಿಲ ಬಳಿ ಕಟ್ಟಿಟ್ಟ ಹೋಲ್ಡಾಲ್.

"ಒಂದ್ ಮಿಷಿನ್ನೂ ಇಲ್ವಲ್ಲ" ಅಂದರು, ತಮಗೆ ತಾವೇ ಅನ್ನುವ ಹಾಗೆ. ಆಮೇಲೆ ಹೋಲ್ಡಾಲನ್ನು ಕಾಲಿನಿಂದ ಒಂದಿಷ್ಟು ಪಕ್ಕಕ್ಕೆ ತಳ್ಳಿದರು. "ಬಾಗ್ಲಾಗೆ ಇದ್ನ ಯಾಕ್ ಇಟ್ಟಿದೀರಿ? ಹಸ ಎಡವ್ತದೆ. ಒಳಕ್ ಎತ್ತಿಡಿ."

ಇಂಜಿನಿಯರ್ ಎತ್ತಿ ಒಳಗೆ ಇಟ್ಟರು.

ಗೌಡರು ಹಾಲು ಉಕ್ಕುವವರೆಗೆ ನಿಲ್ಲಲಿಲ್ಲ. ಆಮೇಲೂ ಅವರು ಆ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದದ್ದನ್ನು ನಾನು ನೋಡಲಿಲ್ಲ. ಇಬ್ಬರೂ ಹೊರಗಿನವರ ಕಣ್ಣಿಗೆ ಅಂತ ಎರಡು ಕೋಣೆಯಲ್ಲಿ ಎರಡು ಮಂಚ ಹಾಕಿಯೇ ಇಟ್ಟರು. ಜೀಪಿನ ಸದ್ದಿಗೆ ನಾನು ಎದ್ದುಹೋಗಿ ಬೀಗ ನೋಡುವುದು ಇವತ್ತಿಗೂ ನಿಂತಿಲ್ಲ. ಆದರೆ ಮರುದಿನದಿಂದ ಹಾಲು ಬಂತು, ಕೊಸರಿನ ಸಮೇತ. ನನ್ನ ಗೂಟಗಳನ್ನು ಮತ್ತೆ ಹೊಡೆಸಿದೆ, ಕೆಂಪು ಬಟ್ಟೆ ಇಲ್ಲದೆ. ಆ ಮಳೆಗಾಲದಲ್ಲಿ ನೀರು ಗೌಡರ ತೋಟಕ್ಕೆ ನುಗ್ಗಲಿಲ್ಲ.

ಗೃಹಪ್ರವೇಶದ ದಿನ ಎಲ್ಲ ಮುಗಿದ ಮೇಲೆ ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳಲು ನನ್ನ ಕ್ವಾರ್ಟರ್ಸಿಗೆ ಬಂದಳು. ಗೋಡೆಗೊರಗಿ ಕೂತು, ಸುಣ್ಣ ಹಚ್ಚುತ್ತಾ, ಫೋಟೋದ ಕಡೆ ಗದ್ದ ಎತ್ತಿದಳು.

"ಆವಮ್ಮ ಯಾರು? ನಿಮ್ ಅಕ್ಕನಾ?"

"ಅಲ್ಲ ಅಜ್ಜಿ."

ಎಲೆ ಮಡಿಚಿದಳು. ಬಾಯಿಗೆ ಹಾಕಿಕೊಳ್ಳುವ ಮೊದಲು ನನ್ನನ್ನು ಒಂದು ಗಳಿಗೆ ನೋಡಿದಳು.

"ಕಂಪ್ನಿನಾ?"

ನಾಲಿಗೆಯ ತುದಿಗೆ ಅದೇ ಹಳೆಯ ಪದ ಬಂದು ನಿಂತಿತು. ನುಂಗಿಕೊಂಡೆ.

"ಸಂಸಾರ, ಅಜ್ಜಿ" ಅಂದೆ.